ಪೀಬೆರಿ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಮಹಡಿ ಮೇಲೆ
ಗ್ರೇಡರ್ ಓಡಿದಾಗ ಟೀ ಲೋಟ ತಾನಾಗಿ ನಡೆಯುವ ಮೇಜು ನನ್ನದು.
ಏಳು ತೋಟ, ನಾಲ್ಕು ಸಾಫ್ಟ್‌ವೇರು.
ಒಂದು ಡಾಸ್ ಕಾಲದ್ದು, ಕಪ್ಪು ಪರದೆ, ಹಸಿರು ಅಕ್ಷರ;
ಅದರ ಪಾಸ್‌ವರ್ಡ್ ಬಲ್ಲವರು ತೀರಿಕೊಂಡಿದ್ದಾರೆ.
ಪುಣ್ಯಕ್ಕೆ, ಅದು ಅವರ ಹೆಂಡತಿಯ ಹೆಸರು.

ಎಲ್ಲವನ್ನೂ ಒಂದು ಮಾಡಲು ಪುಣೆಯಿಂದ ಬಂದಳು
ಮುಕ್ತಾ ಕುಲಕರ್ಣಿ,
ಹೆಸರಿನಲ್ಲೇ ದಫ್ತರ ಹೊತ್ತವಳು.
"ಸತ್ಯ ಒಂದೇ ಇರಬೇಕು ಮೇಡಂ, ಒಂದೇ ಜಾಗದಲ್ಲಿ."
ಹೌದೆಂದೆ. ಯಾರು ಬೇಡವೆನ್ನುತ್ತಾರೆ ಅದಕ್ಕೆ?

ಸುಂಟಿಕೊಪ್ಪದ ತೋಟ ಮಳೆಯನ್ನು ಬರೆಯುವುದು ಇಂಚು, ಸೆಂಟಿನಲ್ಲಿ.
ಹೊಸದಕ್ಕೆ ಮಿಲಿಮೀಟರು ಬೇಕು. ಗುಣಿಸಿದೆವು.
ಚೆರ್ರಿ ಅಲ್ಲಿ ಮೂಟೆ, ಇಲ್ಲಿ ಕಿಲೋ, ಹೆಡ್ಡಾಫೀಸಿನಲ್ಲಿ ಲಕ್ಷ.
ಐವತ್ತು ಕಿಲೋಗೆ ಇಪ್ಪತ್ತಾರು ಬೀಜ, ಉಳಿದದ್ದು ಹೊಟ್ಟು;
ಹೊಟ್ಟಿಗೂ ಒಂದು ಕೋಡ್ ಕೊಟ್ಟೆವು.

ಆಮೇಲೆ ಜನ.

ರೈಟರ್ ಪೂಣಚ್ಚನ ಚೆಕ್‌ರೋಲಿನಲ್ಲಿ ಪೆನ್ಸಿಲಿನಿಂದ:
ಪಾರು, ಕರಿಯನ ಮಗಳು, ಕಿವಿ ಕೇಳದು.
ಅದರ ಕೆಳಗೆ:
ಪಾರು, ಕರಿಯನ ಮಗಳು, ನಗುವವಳು.
ಕರಿಯಂದಿರೂ ಇಬ್ಬರು, ಅದು ಪೂಣಚ್ಚನಿಗೆ ಗೊತ್ತಿತ್ತು.
ನಗುವುದಕ್ಕೆ ಹೊಸದರಲ್ಲಿ ಖಾನೆ ಇಲ್ಲ.
ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ
ಎಪ್ಪತ್ತನೇ ಇಸವಿ ಜನವರಿ ಒಂದಕ್ಕೆ ಹುಟ್ಟಿದ್ದಾರೆ,
ಮುನ್ನೂರ ಹನ್ನೆರಡು ಮಂದಿ.
ಕೇಕ್ ತರಿಸಿದರೆ ಈ ಊರಿನ ಬೇಕರಿಗಳು ಸಾಲವು.

ಮಾರ್ಚ್ ಮೂವತ್ತು, ರಾತ್ರಿ ಹನ್ನೊಂದೂವರೆ.
ಪರದೆಯ ಮೇಲೆ ಸಾವಿರದ ನೂರ ನಲವತ್ತು ಜೋಡಿ:
ಇವರಿಬ್ಬರೂ ಒಬ್ಬರೇ?
ಮೊದಲ ಇನ್ನೂರನ್ನು ಒಂದೊಂದಾಗಿ ನೋಡಿದೆ.
'ಎಲ್ಲಕ್ಕೂ ಹೌದು' ಎಂಬ ಗುಂಡಿ ಇತ್ತು.
ಇತ್ತು ಅಂದರೆ,
ಒತ್ತಿದೆ.

ಕೆಳಗೆ ಯಂತ್ರ ಪೀಬೆರಿ ಬೇರ್ಪಡಿಸುತ್ತಿತ್ತು:
ಹಣ್ಣಿನೊಳಗೆ ಎರಡಿರಬೇಕಾದಲ್ಲಿ ಒಂದೇ ಬೀಜ,
ಇಬ್ಬರ ಜಾಗದಲ್ಲಿ ದುಂಡಗೆ ಬೆಳೆದದ್ದು.
ಅದಕ್ಕೆ ಬೆಲೆ ಹೆಚ್ಚು.
ಇನ್ನೊಂದು ಏನಾಯಿತೆಂದು ಕೊಳ್ಳುವವನು ಕೇಳುವುದಿಲ್ಲ.

ಮೇ ತಿಂಗಳಲ್ಲಿ ಸಿದ್ದಾಪುರದಿಂದ
ಕಾಫಿ ಲಾರಿಯ ಮುಂದಿನ ಸೀಟಿನಲ್ಲಿ ಇಬ್ಬರೂ ಬಂದರು.
ಬೈಯುತ್ತಾರೆಂದು ನೀರು ಕುಡಿದು ಕೂತಿದ್ದೆ.
"ಸಂಬಳ ಒಂದೇ ಬಂತು ಅಮ್ಮ. ಅರ್ಧರ್ಧ ಮಾಡಿಕೊಂಡೆವು.
ಇನ್ನು ಮೇಲೆ ಹಿಂಗೇನಾ ಅಂತ ಕೇಳಾಣ ಅಂತ ಬಂದೆವು."
ಹೇಳಿ ನಕ್ಕಳು, ನಗುವವಳು.

ಪುಣೆಗೆ ಫೋನು ಮಾಡಿದೆ.
ಒಂದು ಮಾಡಿದ್ದನ್ನು ಬಿಡಿಸಲು ಬರುವುದಿಲ್ಲವಂತೆ.
ಒಬ್ಬಳನ್ನು ಹೊಸಬಳೆಂದು ಸೇರಿಸಬಹುದಂತೆ,
ಸೇರಿದ ದಿನ: ಇವತ್ತು.
ಮುಕ್ತಾಳ ದನಿ ಸಣ್ಣಗಾಗಿತ್ತು. ಅವಳದೇನು ತಪ್ಪು,
ಗುಂಡಿ ಒತ್ತಿದ ಬೆರಳು ನನ್ನ ಕೈಯಲ್ಲೇ ಇದೆ.

ಯಾರನ್ನು ಹೊಸಬಳು ಮಾಡಲಿ? ಕೇಳಿದೆ.
ಒಬ್ಬಳಿಗೆ ಕೇಳಿಸಲಿಲ್ಲ.
ಇನ್ನೊಬ್ಬಳು ಕೈ ಎತ್ತಿದಳು,
ಮೂವತ್ತೊಂದು ವರ್ಷ ಕಾಫಿ ಕುಯ್ದ ಕೈ,
ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ.

ಗ್ರಾಚುಟಿಗೆ ಕಾಗದ ಬರೆದಿದ್ದೇನೆ. ಮೂರು ಸಲ.
ಪೂಣಚ್ಚನ ಚೆಕ್‌ರೋಲನ್ನು ರದ್ದಿಗೆ ಹಾಕದೆ
ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ.
ಅವತ್ತು ಸಂಜೆ, ಷರಾ ಎಂಬ ಖಾನೆಯಲ್ಲಿ
ನಲವತ್ತು ಅಕ್ಷರದ ಜಾಗ ಕಂಡು ಬರೆದೆ:
ಇವಳೂ ಪಾರು. ಬೇರೆ ಪಾರು. ತೊಂಬತ್ತಮೂರರಿಂದ.

ಬೆಳಿಗ್ಗೆ ತೆರೆದರೆ ಸಾಲು ತುಂಬ ಪ್ರಶ್ನಾರ್ಥಕ ಚಿಹ್ನೆ.
ಎಣಿಸಿದೆ, ಎಣಿಸುವುದು ನನ್ನ ಕೆಲಸ.
ನಾನು ಬರೆದ ಅಕ್ಷರಗಳಿಗಿಂತ ಹೆಚ್ಚೇ ಇದ್ದವು.
ಕೊಂಬಿಗೊಂದು, ದೀರ್ಘಕ್ಕೊಂದು,
ಒತ್ತಿಗೂ ಒಂದು ಬೇರೆ ಪ್ರಶ್ನೆ.