ಬೋರ್ಡಿಲ್ಲದ ಗಾಡಿ

ಕಡಲಿಲ್ಲದ ಜಿಲ್ಲೆ ನಮ್ಮದು.
ಆದರೂ ಏಪ್ರಿಲ್ ಕಳೆದು ಕಟ್ಟೆಯ ನೀರು ಇಳಿದಾಗ
ಹೊಸ ಕನ್ನಂಬಾಡಿಯ ಬದಿಗೆ
ಎರಡು ತಿಂಗಳ ಮಟ್ಟಿಗೆ ಒಂದು ದಡ ಸಿಗುತ್ತದೆ.
ಮರಳೂ ಅಲ್ಲ, ಮಣ್ಣೂ ಅಲ್ಲ,
ಕಾಲಿಟ್ಟರೆ ಹಪ್ಪಳದಂತೆ ಮುರಿಯುವ ಗೋಡು,
ಬಿಳಿಚಿಕೊಂಡ ಕಪ್ಪೆಚಿಪ್ಪು,
ಯಾರದೋ ಹಿತ್ತಲಲ್ಲಿದ್ದ ಒರಳುಕಲ್ಲು.

ಮಂಗಳವಾರ ನನ್ನ ವಾರದ ರಜೆ.
ಉಳಿದ ಆರು ದಿನ ಪಾಂಡವಪುರದ ನಿಲ್ದಾಣದಲ್ಲಿ
ಕಿಂಡಿಯ ಹಿಂದೆ ಕೂತು
ಬಂದದ್ದು ಹೋದದ್ದು ಬರೆಯುತ್ತೇನೆ:
ಗಾಡಿ ನಂಬರು, ರೂಟು, ಹೊತ್ತು, ಕಂಡಕ್ಟರನ ಸಹಿ.
ತಡವಾದರೆ ಕೆಂಪು ಶಾಯಿ.
ಇಪ್ಪತ್ತೆರಡು ವರ್ಷದಲ್ಲಿ
ಬರೆಯದೆ ಬಿಟ್ಟ ಗಾಡಿ ಒಂದೂ ಇಲ್ಲ.

ನಾಯಿ ನನ್ನದಲ್ಲ.
ಪಕ್ಕದ ಮನೆಯ ಲೂರ್ದ್ ಟೀಚರು
ಮಂಡಿಚಿಪ್ಪು ಬದಲಾಯಿಸಿಕೊಂಡ ಮೇಲೆ
ಅದನ್ನು ತಿರುಗಾಡಿಸುವ ಪಾಳಿ ನನ್ನ ಪಾಲಿಗೆ ಬಂತು.
ಬಾಲ ಎರಡು ಸುತ್ತು, ಆದ್ದರಿಂದ ಹೆಸರು ಚಕ್ಕುಲಿ.
ಪುಕ್ಕಲು ಜೀವ.
ಕುಕ್ಕರ್ ಕೂಗಿದರೆ ಮಂಚದಡಿ,
ಬೀದಿಯಲ್ಲಿ ವಾಲಗ ಬಂದರೆ ಬಚ್ಚಲು,
ದೀಪಾವಳಿಯ ಮೂರು ದಿನ ಅನ್ನ ಬಿಡುತ್ತದೆ.

ಆ ಸಂಜೆ ನೀರಂಚಿನಲ್ಲಿ
ಕೊಕ್ಕರೆಯ ಹೆಜ್ಜೆ ಮೂಸುತ್ತಾ ಹೋಗುತ್ತಿದ್ದದ್ದು
ತಟ್ಟನೆ ನಿಂತಿತು.
ಬಾಲದ ಸುತ್ತು ಬಿಚ್ಚಿ ನೆಟ್ಟಗಾಯಿತು.
ಅದು ಬಿಚ್ಚುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಏನೂ ಕೇಳಲಿಲ್ಲ ನನಗೆ.
ದೂರದ ಕಬ್ಬಿನ ಟ್ರ್ಯಾಕ್ಟರು ಅಂದುಕೊಂಡೆ.
ಸದ್ದು ಮೊದಲು ಅಂಗಾಲಿಗೆ ಬಂತು,
ಆಮೇಲೆ ಕಿವಿಗೆ.

ಮಂಡಕಳ್ಳಿಗೆ ಇಳಿಯುವ ವಿಮಾನ ನಾನು ಬಲ್ಲೆ,
ಮೇಲೆಲ್ಲೋ ಬೆಳ್ಳಗೆ, ಒಂದು ನುಚ್ಚಕ್ಕಿಯಷ್ಟು.
ಹಾರಲು ಕಲಿಯುವ ಹುಡುಗರದ್ದೂ ಗೊತ್ತು,
ಹೊಲಿಗೆ ಮಿಷನ್ನಿನ ಸದ್ದು ಅದರದ್ದು.
ಇದು ಬೇರೆ.
ಆಚೆ ದಡದ ದಿಣ್ಣೆ ಬಳಸಿ
ಬೂದು ಬಣ್ಣದ ಒಂದು ಭಾರಿ ಒಡಲು,
ನಾಲ್ಕು ಫ್ಯಾನು,
ತೆಂಗಿನ ಗರಿ ಸವರುವಷ್ಟು ಕೆಳಗೆ.
ಹಾರುತ್ತಿತ್ತು ಎನ್ನಲಾರೆ.
ಹೊಳೆ ದಾಟುವ ಎಮ್ಮೆಯ ಹಾಗೆ
ಗಾಳಿಯನ್ನು ಎದೆಯಿಂದ ತಳ್ಳಿಕೊಂಡು ಬಂತು.

ನೆರಳು ಮಾತ್ರ ಹಗುರ.
ನೀರಿನ ಮೇಲೆ ಜಾರಿ
ಚೆಲುವಯ್ಯನ ತೆಪ್ಪವನ್ನೊಮ್ಮೆ ಹೊದಿಸಿ ತೆಗೆದು
ಕಬ್ಬಿನ ಗದ್ದೆ ಹತ್ತಿ ಹೋಯಿತು.
ಕೊಕ್ಕರೆಗಳೆಲ್ಲ ಎದ್ದವು. ನಾನು ಕೂತುಬಿಟ್ಟೆ.
ಚಕ್ಕುಲಿ ಓಡಲಿಲ್ಲ, ಹಗ್ಗ ಎಳೆಯಲಿಲ್ಲ,
ಬೊಗಳಲಿಲ್ಲ.
ಕತ್ತೆತ್ತಿ,
ಟೀಚರು ಬಾಗಿಲು ತೆರೆಯುವಾಗ ಅನ್ನುತ್ತದಲ್ಲ,
ಆ ಸಣ್ಣ ಕುಂಯ್, ಒಂದೇ ಒಂದು.

ಕೈ ತಾನಾಗಿ ಪೆನ್ನು ಹುಡುಕಿತು.
ಬಿಸ್ಕತ್ತಿನ ಕಾಗದ ಬಿಡಿಸಿ ಒಳಮೈಯಲ್ಲಿ ಬರೆದೆ:
ಹೊತ್ತು ಐದು ಐವತ್ತೆರಡು.
ನಂಬರು ಓದಲಾಗಲಿಲ್ಲ.
ಬೋರ್ಡು ಇಲ್ಲ.
ಎಲ್ಲಿಂದ ಎಂಬಲ್ಲಿ ಪೆನ್ನು ನಿಂತಿತು.

ತೆಪ್ಪದಿಂದ ಚೆಲುವಯ್ಯ ಕೂಗಿದ:
"ಯಾವ್ ರೂಟಕ್ಕಾ ಅದು? ನಿಂಗ್ ಗೊತ್ತಿರ್ಬೇಕಲ್ಲ!"
ಕಿಂಡಿಯ ಈಚೆ, ಚೀಲ ಹಿಡಿದು ನಿಂತವರ ಹಾಗೆ
"ಗೊತ್ತಿಲ್ಲ ಕಣಪ್ಪಾ" ಅಂದೆ.
ಹಾಗನ್ನುವುದು ಇಷ್ಟು ತಣ್ಣಗಿರುತ್ತದೆಂದು
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.
"ಮೀನೆಲ್ಲಾ ತಳ ಸೇರ್ಕಂಡ್ವು,
ಇವತ್ತಿನ್ ಕಲೆಕ್ಷನ್ ಸೊನ್ನೆ ಅಂತ ಬರ್ಕೊ" ಎಂದು
ಅವನು ಹುಟ್ಟು ಹಾಕಿದ.

ಸದ್ದು ಇಂಗಿ ಎಷ್ಟೋ ಹೊತ್ತಾದ ಮೇಲೆ
ಸಣ್ಣದೊಂದು ಅಲೆ
ದಡಕ್ಕೆ ಬಂದು ನಾಯಿಯ ಮುಂಗಾಲು ಮುಟ್ಟಿತು.
ಕೆಂಪು ಶಾಯಿ ಬೇಕಿಲ್ಲದ ತಡ.

ಮನೆಗೆ ಬಂದು ಟೀಚರಿಗೆ ಹೇಳಿದೆ.
"ಚಕ್ಕುಲಿ ಹೆದರಲಿಲ್ವಾ?"
ಇಲ್ಲ ಅಂದೆ. ನಂಬಲಿಲ್ಲ.
ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು.
ಮಂಚದಡಿ ಎರಡು ಕಣ್ಣು.
"ನೋಡ್ದ್ಯಾ" ಎಂದರು ಟೀಚರು.
ನಾನು ವಾದಿಸಲಿಲ್ಲ.
ಮೂರನೆಯ ಕೂಗಿಗೆ ಎದ್ದು ಹೋಗಿ
ಒಲೆ ಆರಿಸಿದೆ.