ಎರಡು ಪ್ರತಿ

ಸರ್ ಆಂಬ್ರೋಸ್ ವಿದರ್ಬಿ, ಬ್ಯಾರೊನೆಟ್, ಸಾವಿರದಾರುನೂರ ಅರವತ್ತೊಂದು.
ಅವನ ಮಗ, ಮಗನ ಮಗ, ಹೀಗೆ ಏಳು ತಲೆ
ಚೊಕ್ಕ ಗೆರೆಗಳಲ್ಲಿ ಇಳಿದು ಬಂದು
ಕೊನೆಯ ಗೆರೆ ಸಕಲೇಶಪುರಕ್ಕೆ ತಗುಲಿ ನಿಂತಿದೆ,
ಕಾಗುಣಿತ ತಪ್ಪಿ.

ದಯವಿಟ್ಟು ಹುಡುಕಿ ಎಂದಿದ್ದಾಳೆ ಯಾರ್ಕಿನ ಮುದುಕಿ.
ಪಾದ್ರಿಗಳು ಕಾಗದ ನನ್ನ ಕೈಗಿಟ್ಟರು:
'ಫ್ಲೋರಿನ್, ಬೀಗದ ಕೈ ನಿನ್ನ ಹತ್ತಿರವೇ ಇದೆಯಲ್ಲ.'

ಗೆದ್ದಲು ಬಿಟ್ಟಷ್ಟನ್ನು ಓದಿದೆ.
ವಿದರ್ಬಿ ಸಿಕ್ಕ: ಮೂವತ್ತೊಂದು ವರ್ಷ, ಕಾಫಿ, ಜ್ವರ, ಮದುವೆಯಿಲ್ಲ.
ಏಳು ತಲೆ ಒಂದೇ ಸಾಲಿನಲ್ಲಿ ಮುಗಿಯಿತು.
ಪಕ್ಕದಲ್ಲಿ ಸಾಕ್ಷಿಯ ಹೆಬ್ಬೆಟ್ಟು.
'ಅಡಿಗೆಯವನು', ಅಷ್ಟೇ.

ನಮ್ಮಜ್ಜನ ಅಜ್ಜನೂ ದೊರೆ ಮನೆಯ ಅಡಿಗೆಯವನಂತೆ.
ಹೆಸರು ಯಾರಿಗೂ ಗೊತ್ತಿಲ್ಲ.
ಎತ್ತಿನ ಮೇಲೆ ಕೂತು ಹೆಳವ ಬರುತ್ತಿದ್ದನಂತೆ
ಮನೆಮನೆಯ ಬೇರು ಹೇಳಿ ಕಾಳು ಈಸಿಕೊಳ್ಳಲು.
ನಮ್ಮವರು ದೀಕ್ಷಾಸ್ನಾನ ಪಡೆದ ವರ್ಷ
ಎತ್ತು ಬಾಗಿಲು ದಾಟಿ ಮುಂದೆ ಹೋಯಿತಂತೆ,
ಒಳಗೆ ಮೊರದಲ್ಲಿ ರಾಗಿ ಅಳೆದಿಟ್ಟಿತ್ತಂತೆ.

ಆ ಮಸಿಯ ಸುಳಿಯ ಮೇಲೆ ಹೆಬ್ಬೆರಳಿಟ್ಟೆ.
ನನ್ನದು ಚಿಕ್ಕದು.
ಅದರಿಂದ ಏನೂ ತಿಳಿಯುವುದಿಲ್ಲ.

ಯಾರ್ಕಿಗೆ ಬರೆದೆ: ಸಿಕ್ಕಿದ್ದಾನೆ, ಕಲ್ಲು ವಾಲಿದೆ, ಮಕ್ಕಳಿಲ್ಲ.
ಆ ಪುಟದ ಜೆರಾಕ್ಸು ತೆಗೆಸಿದೆ, ಎರಡು ಪ್ರತಿ.
ಒಂದಕ್ಕೆ ಚರ್ಚಿನ ಲೆಕ್ಕದಿಂದ.
ಇನ್ನೊಂದಕ್ಕೆ
ನನ್ನ ಪರ್ಸಿನಿಂದ ಎರಡು ರೂಪಾಯಿ.