ತೊಂಬತ್ನಾಲ್ಕು

ಮುನ್ನೂರಕ್ಕೆ ದುಡ್ಡು ಕಟ್ಟಿದ್ದೇನೆ. ಬರುವುದು ತೊಂಬತ್ನಾಲ್ಕು.
ಬೆಳಿಗ್ಗೆ ತೊಂಬತ್ನಾಲ್ಕು, ಸರಿರಾತ್ರಿಯಲ್ಲೂ ತೊಂಬತ್ನಾಲ್ಕು.
ಬನ್ನಿಮಂಟಪವೆಲ್ಲ ಮಲಗಿ
ಕೊನೆಯ ಬಸ್ಸೂ ಡಿಪೋ ಸೇರಿದ ಮೇಲೆ
ಮತ್ತೆ ಒತ್ತಿ ನೋಡಿದರೆ
ಮುಳ್ಳು ಏರುತ್ತದೆ, ಏರಿ
ಗೂಟಕ್ಕೆ ಕಟ್ಟಿದ ಕರುವಿನ ಹಾಗೆ
ಹಗ್ಗ ಮುಗಿದಲ್ಲಿ ಗಕ್ಕನೆ ನಿಲ್ಲುತ್ತದೆ.

ರೂಟರು ನನ್ನದು. ಕಂಪನಿಯದು ಸಾಲದೆಂದು
ಎರಡು ಆರತಕ್ಷತೆ, ಒಂದು ಸೀಮಂತದ
ಎಡಿಟಿಂಗ್ ದುಡ್ಡು ಸುರಿದು ತಂದದ್ದು.
ನಾಲ್ಕು ಆಂಟೆನಾ, ಅಂಗಾತ ಮಲಗಿದ ಮಗು
ಕೈಕಾಲು ಎತ್ತಿದ ಹಾಗೆ.
ಅದಕ್ಕೇ ಫೋನಿನ ಹುಡುಗಿ ಕೇಳಿದ ಕೂಡಲೆ ಹಗುರಾದಳು:
"ಸ್ವಂತ ರೂಟರಾ ಮೇಡಂ? ಹಾಗಾದ್ರೆ ನಮ್ಮ ಕಡೆ ಎಲ್ಲ ಸರಿಯಿದೆ."
ಸ್ವಂತ ಎಂಬ ಮಾತು ಅವಳ ಬಾಯಲ್ಲಿ
ಹಿಂದೆ ಅತ್ತೆಮನೆಯಲ್ಲಿ ಕೇಳಿಸಿದಂತೆಯೇ ಕೇಳಿಸಿತು.

ಚಾನೆಲ್ ಬದಲಿಸಿದೆ. ಆರು, ಹನ್ನೊಂದು, ಮತ್ತೆ ಒಂದು.
ಬೀರುವಿನ ಮರೆಯಿಂದ ತೆಗೆದು ಶೆಲ್ಫಿಗೇರಿಸಿದೆ.
ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿದೆ.
ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು
ಹಿಂಬದಿಯ ತೂತಿಗೆ ಚುಚ್ಚಿ ಅದರ ನೆನಪೆಲ್ಲ ಅಳಿಸಿದೆ.
ವೈಫೈಯೇ ಬೇಡವೆಂದು ಲ್ಯಾಪ್‌ಟಾಪಿಗೆ ತಂತಿಯನ್ನೇ ಸಿಕ್ಕಿಸಿದೆ.
ತೊಂಬತ್ನಾಲ್ಕು.
ಅಷ್ಟರಲ್ಲಿ ಮದ್ದೂರಿಂದ ಹೆಣ್ಣಿನ ತಂದೆ:
"ಏನವ್ವಾ, ಮಗ್ಳು ಗಂಡನ್ ಮನೆ ಸೇರ್ಕಂಡು ತಿಂಗ್ಳಾಯ್ತು,
ಧಾರೆ ಇನ್ನೂ ಬರ್ನಿಲ್ವಲ್ಲ."

ಕಡಿಮೆಯಾದರೂ ಎಷ್ಟು ಕರಾರುವಾಕ್ಕು!
ಕೆಟ್ಟುಹೋದದ್ದು ಹೀಗೆ ಒಂದೇ ಸಮ ಇರುವುದಿಲ್ಲ.
ಯಾರೋ ತಿಳಿದೇ ಅಳೆದುಕೊಟ್ಟ ಹಾಗಿದೆ,
ಪಾವಿನ ಬಾಯಿ ಕೈಯಿಂದ ಸವರಿ.

ಫೈಬರ್ ಬಂದಿಳಿಯುವ ಡಬ್ಬಿ ಕೆಳಗಿನ ಗೋಡೆಯಲ್ಲಿ.
ಅಲ್ಲಿಂದ ಮೆಟ್ಟಿಲಗುಂಟ ನನ್ನ ಮನೆಗೊಂದು ಬೂದು ಕೇಬಲ್,
ಮನೆ ಕಟ್ಟುವಾಗ ಚಲುವಯ್ಯ ಎಳೆದದ್ದು.
ಪ್ಲಗ್ಗನ್ನು ಬೆಳಕಿಗೆ ಹಿಡಿದೆ.
ಎಂಟು ತಂತಿ ಇರಬೇಕಾದಲ್ಲಿ ನಾಲ್ಕು.
ಕಿತ್ತಳೆಯ ಜೋಡಿ, ಹಸಿರು ಜೋಡಿ.
ನಾಲ್ಕು ತಂತಿಗೆ ನೂರರ ಮೇಲೆ ದಾರಿಯಿಲ್ಲ.
ಕಂದು ಜೋಡಿ ಹಿಂದಕ್ಕೆ ಮಡಚಿಕೊಂಡು
ಟೇಪು ಸುತ್ತಿಸಿಕೊಂಡು ಮಲಗಿತ್ತು.
ನೀಲಿ ಮಾತ್ರ ಎಲ್ಲಿಗೋ ಹೊರಟಿತ್ತು.
ಟಾರ್ಚು ಹಿಡಿದು ಹಿಂದೆ ಹೋದೆ: ಮೀಟರ್ ಬೋರ್ಡಿನ ಬೆನ್ನಿಗೆ,
ಜೇಡರ ಬಲೆಗೆ, ಲೂರ್ದಮ್ಮನ ಕಿಟಕಿಯ ಚೌಕಟ್ಟಿಗೆ,
ಅಲ್ಲಿ ಒಂದು ಬಿಳಿ ಬೆಲ್ ಸ್ವಿಚ್ಚಿಗೆ.

ದಿನಾ ಕೇಳುವ ಬೆಲ್ಲು. ಯಾವ ತಂತಿಯಲ್ಲಿ ಬರುತ್ತದೆಂದು
ಒಮ್ಮೆಯೂ ಯೋಚಿಸಿರಲಿಲ್ಲ.
ವಾಣಿವಿಲಾಸದ ನೀರು ಸಂಪಿಗೆ ಬೀಳುವ ಸದ್ದು ಅವರ ಕಿವಿಗೆ,
ಮೋಟಾರಿನ ಸ್ವಿಚ್ಚು ನನ್ನ ಅಡುಗೆಮನೆಗೆ.
ನಾಲ್ಕೂವರೆಗೆ ಲೂರ್ದಮ್ಮ ಒಂದು ಸಲ ಒತ್ತಿದರೆ ನೀರು ಬಂತು.
ಎರಡು ಸಲ: ಟ್ಯಾಂಕು ತುಂಬಿ ಹರಿಯುತ್ತಿದೆ.
ಮೂರು ಸಲ: ಮಂಡಿನೋವು, ಸ್ವಲ್ಪ ಕೆಳಗೆ ಬಾ.

ಆ ರಾತ್ರಿ ನೀಲಿಯನ್ನು ಬಿಡಿಸಿಕೊಂಡೆ.
ಎಂಟನ್ನೂ ಬಣ್ಣದ ಸರದಿಯಲ್ಲಿ ಕೂರಿಸಿ
ಎರಡೂ ತುದಿ ಕ್ರಿಂಪ್ ಮಾಡಿದೆ. ಟಕ್. ಟಕ್.
ಇನ್ನೂರ ತೊಂಬತ್ತೊಂದು!
ಒಂದೂವರೆ ಗಂಟೆ ತೆವಳಬೇಕಿದ್ದ ಅರವತ್ತನಾಲ್ಕು ಜಿಬಿ ಮದುವೆ
ಅರ್ಧ ಗಂಟೆಯಲ್ಲಿ ಮದ್ದೂರು ಸೇರಿತು, ಓಲಗದ ಸಮೇತ.
ಹಾಯಾಗಿ ಮಲಗಿದೆ. ಎದ್ದಾಗ ಏಳು.

ನಲ್ಲಿ ಬುಸ್ಸೆಂದಿತು.
ಬಾಗಿಲಲ್ಲಿ ಲೂರ್ದಮ್ಮ, ಹತ್ತೊಂಬತ್ತು ಮೆಟ್ಟಿಲು ಹತ್ತಿ, ಕಂಬಿ ಹಿಡಿದು:
"ಒತ್ತಿದ್ನಲ್ಲಮ್ಮಾ. ಒಂದ್ಸಲ. ಆಮೇಲೆ ಮೂರ್ಸಲ.
ಆಮೇಲೆ ಸುಮ್ನೆ ಒತ್ತ್ತಾನೇ ಇದ್ದೆ."
ಬೈಯಲಿಲ್ಲ. ನಿಂಗೇನಾಯ್ತೋ ಅಂತ ಬಂದೆ, ಅಂದರು.

ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಹೊಸ ಕೇಬಲ್ಲಿಗೆ ಹೇಳಿದ್ದೇನೆ,
ಹದಿನೈದು ಮೀಟರು, ಎಂಟೂ ತಂತಿ ನನಗೇ.
ಚಲುವಯ್ಯನ ಮಗ ಭಾನುವಾರ ಬರುತ್ತಾನಂತೆ.
ಯಾವ ಭಾನುವಾರವೆಂದು ಹೇಳಿಲ್ಲ.
ಅಲ್ಲಿಯವರೆಗೆ ನೀಲಿಯನ್ನು ವಾಪಸು ಕೊಟ್ಟಿದ್ದೇನೆ.

ಈಗ ಹುಣಸೂರಿನ ನಾಮಕರಣ ಹೋಗುತ್ತಿದೆ, ನೂರಕ್ಕೆ ಅರವತ್ತೆರಡು.
ಮುಳ್ಳು ಹಗ್ಗ ಜಗ್ಗುತ್ತ ನಿಂತಿದೆ.
ಬೆಲ್ಲು. ಒಂದು ಸಲ.
ಎದ್ದೆ.